ಸಿಗುವ ತನಕ ಹುಡುಕಿ: ಎಂಎಚ್370 ವಿಮಾನದ ಬಗ್ಗೆ ವಿಮಾನಯಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಚಿತ್ರದುರ್ಗ
ಡಿಸೆಂಬರ್ 2025

ಇವರಿಗೆ,
ಮಾನ್ಯ ನಾಗರಿಕ ವಿಮಾನಯಾನ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನ ಮತ್ತು ಅದರಲ್ಲಿದ್ದ ನಮ್ಮ ದೇಶದ 5 ಜನ.

ಮಾನ್ಯರೇ,

ನಮಸ್ಕಾರ. ನಾನು ಚಿತ್ರದುರ್ಗದಲ್ಲಿ ಲಾರಿ ಬುಕಿಂಗ್ ಆಫೀಸ್ ನಡೆಸುವವನು. ನಮ್ಮ ತಂದೆ ಶುರು ಮಾಡಿದ ಆಫೀಸು ಇದು. ವಿಮಾನದ ಶಾಸ್ತ್ರ ಓದಿದವನಲ್ಲ. ಆ ವಿಮಾನದಲ್ಲಿದ್ದ ಯಾರೂ ನನಗೆ ನೆಂಟರಲ್ಲ. ಆದರೆ ಹೊರಟ ಗಾಡಿ ತಲುಪದೇ ಹೋದರೆ ಮನೆಯವರ ಗತಿ ಏನಾಗುತ್ತದೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಸಚಿವಾಲಯದಲ್ಲಿ ಕನ್ನಡ ಬಲ್ಲವರು ಯಾರಾದರೂ ಇದನ್ನು ಪೂರ್ತಿ ಓದಿ ಹೇಳುತ್ತಾರೆ ಅನ್ನುವ ನಂಬಿಕೆ ನನ್ನದು.

ಈ ತಿಂಗಳ 3ನೇ ತಾರೀಖು ಮಲೇಷ್ಯಾ ಸಾರಿಗೆ ಸಚಿವಾಲಯ ಒಂದು ಹೇಳಿಕೆ ಕೊಟ್ಟಿತು. ಡಿಸೆಂಬರ್ 30ರಿಂದ ಎಂಎಚ್370 ವಿಮಾನದ ಹುಡುಕಾಟ ಮತ್ತೆ ಶುರುವಾಗುತ್ತದೆ, ಒಟ್ಟು 55 ದಿನ ನಡೆಯುತ್ತದೆ ಅಂತ. ಓದಿ ಸಮಾಧಾನವಾಯಿತು. ಆದರೆ 55 ದಿನ ಆದ ಮೇಲೆ ಏನು? ಆಗಲೂ ಸಿಗದಿದ್ದರೆ ಏನು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ನನ್ನ ಮನೆಯ ಕಥೆ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

1997ರ ಮಳೆಗಾಲ. ನಮ್ಮ ತಾಯಿಯ ತಮ್ಮ, ನನ್ನ ಸೋದರಮಾವ, ಲಾರಿ ಡ್ರೈವರ್. ಚಳ್ಳಕೆರೆಯಲ್ಲಿ 600 ಡಬ್ಬಿ ಶೇಂಗಾ ಎಣ್ಣೆ ಲೋಡ್ ಮಾಡಿಕೊಂಡು ಮಂಗಳೂರಿಗೆ ಹೊರಟರು. ಎಲ್‌ಆರ್, ಅಂದರೆ ಸರಕಿನ ರಸೀದಿ, ಬರೆದುಕೊಟ್ಟವನು ನಾನೇ. ಟಾರ್ಪಾಲಿನ ಹಗ್ಗ ಬಿಗಿದು, ಟೀ ಕುಡಿದು, ಸಂಜೆ ಹೊತ್ತಿಗೆ ಹೋದರು. ಆ ಸಲ ಕ್ಲೀನರ್‌ಗೆ ಜ್ವರ, ಹಾಗಾಗಿ ಒಬ್ಬರೇ. ಮಾರನೇ ದಿನ ಮಧ್ಯಾಹ್ನ ಮಂಗಳೂರಿನಿಂದ ಫೋನ್ ಬಂತು. ಲಾರಿ ಇನ್ನೂ ಬಂದಿಲ್ಲ ಅಂದರು. ಮಳೆ ಜಾಸ್ತಿ, ಚಾರ್ಮಾಡಿ ಘಾಟಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಅಂದುಕೊಂಡೆವು. ಎರಡು ದಿನ ಆಯಿತು. ನಾಲ್ಕು ದಿನ ಆಯಿತು. ನಾನೂ ತಂದೆಯೂ ಜೀಪು ಮಾಡಿಕೊಂಡು ಕಡೂರು, ಚಿಕ್ಕಮಗಳೂರು, ಕೊಟ್ಟಿಗೆಹಾರ ಅಂತ ಪ್ರತಿ ಹೋಟೆಲಿನ ಮುಂದೆ ನಿಲ್ಲಿಸಿ ಕೇಳಿದೆವು. ಕೊಟ್ಟಿಗೆಹಾರದಲ್ಲಿ ಒಬ್ಬರು ಲಾರಿ ನೋಡಿದ್ದೆ ಅಂದರು. ಅಲ್ಲಿಂದ ಆಚೆ ಯಾರೂ ನೋಡಿರಲಿಲ್ಲ.

ದೂರು ಕೊಡಲು ಠಾಣೆಗೆ ಹೋದೆವು. ಯಾವ ಠಾಣೆ ಅನ್ನೋದು ಇಲ್ಲಿ ಬೇಡ. ಅಲ್ಲಿದ್ದ ಅಧಿಕಾರಿ ಮೊದಲು ಕೇಳಿದ್ದು ಎಣ್ಣೆಯ ಬೆಲೆ ಎಷ್ಟು ಅಂತ. ಆಮೇಲೆ ಕೇಳಿದ್ದು ಡ್ರೈವರ್‌ಗೆ ಸಾಲ ಇತ್ತಾ ಅಂತ. ಸಾಲ ಇತ್ತು. ಯಾರಿಗಿಲ್ಲ? ಲೋಡು ಮಾರಿಕೊಂಡು ಲಾರಿ ಸಮೇತ ಪರಾರಿಯಾಗಿದ್ದಾನೆ ಅಂತ ಅವರು ಅವತ್ತೇ ತೀರ್ಮಾನ ಮಾಡಿಬಿಟ್ಟರು. ಹುಡುಕುವವರು ಘಾಟಿಗೆ ಹೋಗಲಿಲ್ಲ. ಹಳೇ ಲಾರಿ ಮಾರುವ ಜಾಗಗಳಿಗೆ ಹೋದರು. ಬರಬರುತ್ತಾ ಊರಿನವರೂ ಅದನ್ನೇ ಆಡತೊಡಗಿದರು. ಗೋವಾದಲ್ಲಿ ನೋಡಿದೆ ಅಂದವರಿದ್ದರು. ಇನ್ನೊಂದು ಸಂಸಾರ ಮಾಡಿದ್ದಾನೆ ಅಂದವರೂ ಇದ್ದರು. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡೇ ಎರಡು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಬೇಕಿತ್ತು.

ದಿನಾ ಬೆಳಗ್ಗೆ ಅತ್ತೆ ನಮ್ಮ ಆಫೀಸಿಗೆ ಬರುತ್ತಿದ್ದರು. ಬಾಗಿಲ ಹೊರಗೇ ನಿಂತು, "ಏನಪ್ಪಾ, ಏನಾದ್ರೂ ಸುದ್ದಿ ಬಂತಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಸುಮ್ನೆ ಹೋಗುತ್ತಿದ್ದರು. ರಾತ್ರಿ ಲಾರಿ ಹಾರನ್ ಕೇಳಿದರೆ ಎದ್ದು ಬಾಗಿಲು ತೆರೆಯುತ್ತಿದ್ದರು. ನಮ್ಮ ಊರು ಹೈವೇ ಪಕ್ಕ ಇದೆ. ರಾತ್ರಿಯಿಡೀ ಹಾರನ್. ಒಂದು ಮದುವೆಮನೆಯಲ್ಲಿ ಅರಿಶಿನ ಕುಂಕುಮ ಕೊಡುತ್ತಾ ಬಂದ ಹೆಣ್ಣುಮಗಳು ಅತ್ತೆಯ ಮುಂದೆ ಬಂದಾಗ ಒಂದು ಗಳಿಗೆ ತಡೆದರು. ಕೊಡಬೇಕೋ ಬೇಡವೋ ಅಂತ ಅವರಿಗೂ ಗೊತ್ತಾಗಲಿಲ್ಲ. ಮುಂದಿನವರಿಗೆ ಕೊಟ್ಟು ಹೋದರು. ಅವತ್ತಿನಿಂದ ಅತ್ತೆ ಯಾವ ಮದುವೆಗೂ ಹೋಗಲಿಲ್ಲ.

14 ತಿಂಗಳಾದ ಮೇಲೆ ಸೀಗೆಕಾಯಿ ಆರಿಸಲು ಕಣಿವೆಗೆ ಇಳಿದವರಿಗೆ ಲಾರಿ ಕಂಡಿತು. ರಸ್ತೆಯಿಂದ ಕಾಣುವಂತಿರಲಿಲ್ಲ. ಮೇಲೆಲ್ಲ ಬಳ್ಳಿ ಹಬ್ಬಿತ್ತು. ಎಣ್ಣೆ ಡಬ್ಬಿಗಳು ಒಡೆದು, ತುಕ್ಕು ಹಿಡಿದು ಅಲ್ಲೇ ಬಿದ್ದಿದ್ದವು. ಮಾವ ಕೂತಿದ್ದ ಜಾಗದಲ್ಲಿ ಮೂಳೆ ಇತ್ತು. ಕೊರಳಲ್ಲಿ ಕಟ್ಟಿಕೊಂಡಿದ್ದ ಬೆಳ್ಳಿ ಕರಡಿಗೆ ಇತ್ತು. ಅದನ್ನು ನೋಡಿ ಅತ್ತೆ ಗುರುತು ಹಿಡಿದರು.

ಅವತ್ತು ಅತ್ತೆ ಅತ್ತ ಹಾಗೆ ಆ 14 ತಿಂಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಕ್ರಿಯಾಸಮಾಧಿ ಮಾಡಿದೆವು. ಗಣಾರಾಧನೆ ಮಾಡಿದೆವು. ಅದಾದ ಮೇಲೆ ಅವರು ರಾತ್ರಿ ನಿದ್ದೆ ಮಾಡಿದರು. ಕೆಲಸಕ್ಕೆ ಸೇರಿದರು. ಮಕ್ಕಳನ್ನು ಓದಿಸಿದರು. ಅಷ್ಟೇ ಅಲ್ಲ. ನಮ್ಮ ಮಾವ ಕಳ್ಳ ಅಲ್ಲ ಅನ್ನೋದನ್ನು ಆ ತುಕ್ಕು ಹಿಡಿದ ಡಬ್ಬಿಗಳು ಹೇಳಿದವು. ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಮಾನ್ಯರೇ, 2014ರ ಮಾರ್ಚ್‌ನಲ್ಲಿ ಆಫೀಸಿನ ಟಿವಿಯಲ್ಲಿ ಎಂಎಚ್370 ಸುದ್ದಿ ಬಂದಾಗ ನನಗೆ ಅತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದೇ ಕಣ್ಣ ಮುಂದೆ ಬಂತು. ಆ ವಿಮಾನದಲ್ಲಿ 239 ಜನ ಇದ್ದರು. 227 ಪ್ರಯಾಣಿಕರು, 12 ಸಿಬ್ಬಂದಿ. ಪ್ರಯಾಣಿಕರಲ್ಲಿ 153 ಜನ ಚೀನಾದವರು, 38 ಜನ ಮಲೇಷ್ಯಾದವರು, 5 ಜನ ನಮ್ಮವರು. ಅಷ್ಟೂ ಮನೆಗಳ ಬಾಗಿಲಲ್ಲಿ ಇವತ್ತಿಗೂ ಯಾರೋ ನಿಂತಿದ್ದಾರೆ. ಬರುವ ಮಾರ್ಚ್ 8ಕ್ಕೆ 12 ವರ್ಷ ತುಂಬುತ್ತದೆ.

ಆವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಇಂಗ್ಲಿಷ್ ವರದಿಗಳನ್ನು ಮಗಳು ಓದಿ ಹೇಳುತ್ತಾಳೆ. ನಾನು ಅದನ್ನು ಒಬ್ಬ ಟ್ರಾನ್ಸ್‌ಪೋರ್ಟ್ ಆಫೀಸಿನವನ ಕಣ್ಣಿನಿಂದಲೇ ನೋಡಿದ್ದೇನೆ. ಗಾಡಿ ಎಷ್ಟು ಹೊತ್ತಿಗೆ ಬಿಟ್ಟಿತು, ಲೋಡು ಏನು, ಡೀಸೆಲ್ ಎಷ್ಟು, ಕೊನೆಗೆ ಯಾರ ಹತ್ತಿರ ಮಾತಾಡಿದರು, ತಲುಪಲಿಲ್ಲ ಅಂತ ಯಾರಿಗೆ ಯಾವಾಗ ಗೊತ್ತಾಯಿತು. ನಮಗೆ ಬೇಕಾಗುವುದು ಇವೇ ಅಲ್ವಾ?

ವಿಮಾನ ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟಿದ್ದು ಅಲ್ಲಿನ ಸಮಯ ರಾತ್ರಿ 12:42ಕ್ಕೆ. ನಮ್ಮ ಗಡಿಯಾರದಲ್ಲಿ ಮಾರ್ಚ್ 7ರ ರಾತ್ರಿ 10:12. ನಮ್ಮಲ್ಲಿ ರಾತ್ರಿ ಲೋಡಿನ ಲಾರಿಗಳು ಹೊರಡುವ ಹೊತ್ತು. ಬೋಯಿಂಗ್ 777 ವಿಮಾನ. ಇಂಧನ 49,100 ಕೆಜಿ. ಸರಕಿನಲ್ಲಿ ನಾಲ್ಕೂವರೆ ಟನ್ ಮ್ಯಾಂಗೋಸ್ಟೀನ್ ಹಣ್ಣು, ಒಂದಿಷ್ಟು ಲಿಥಿಯಂ ಬ್ಯಾಟರಿ. 1:19ಕ್ಕೆ ಪೈಲಟ್ ಕೌಲಾಲಂಪುರದ ನಿಯಂತ್ರಣ ಕೇಂದ್ರಕ್ಕೆ ಗುಡ್ ನೈಟ್ ಹೇಳಿದರು. ಮುಂದೆ ವಿಯೆಟ್ನಾಂನ ಹೊ ಚಿ ಮಿನ್ ಕೇಂದ್ರದ ಜೊತೆ ಮಾತಾಡಬೇಕಿತ್ತು. ಮಾತಾಡಲಿಲ್ಲ. ಒಂದೆರಡು ನಿಮಿಷದಲ್ಲಿ ರಡಾರ್ ಪರದೆಯಿಂದ ವಿಮಾನದ ಗುರುತು ಹೋಯಿತು. ಒಂದು ಕೇಂದ್ರದವರು ಬಿಟ್ಟು, ಇನ್ನೊಂದು ಕೇಂದ್ರದವರು ಹಿಡಿಯುವ ನಡುವಿನ ಜಾಗ ಅದು.

ಇಲ್ಲಿಂದ ಮುಂದಿನದು ನನಗೆ ಅತೀ ನೋವು ಕೊಟ್ಟ ಭಾಗ. ವಿಮಾನ ಸಂಪರ್ಕಕ್ಕೆ ಬರದಿದ್ದರೆ 5 ನಿಮಿಷದೊಳಗೆ ಹೊ ಚಿ ಮಿನ್‌ನವರು ಕೌಲಾಲಂಪುರದವರನ್ನು ಕೇಳಬೇಕಿತ್ತು. ಅವರು ಕೇಳಿದ್ದು 1:39ಕ್ಕೆ. ಆಮೇಲೆ ವಿಮಾನ ಕಂಪನಿಯವರು ಕಂಪ್ಯೂಟರ್ ನೋಡಿ, ವಿಮಾನ ಕಾಂಬೋಡಿಯಾದ ಮೇಲಿದೆ ಅಂದರು. ಆ ಕಂಪ್ಯೂಟರ್ ತೋರಿಸಿದ್ದು ಅಂದಾಜು ಮಾತ್ರ. ಹೊರಟ ಸಮಯ ಹಾಕಿ, ಈಗ ಇಲ್ಲಿರಬೇಕು ಅಂತ ಲೆಕ್ಕ ಹಾಕಿದ ಜಾಗ. ಆ ಒಂದು ಮಾತಿನಿಂದ ಎಷ್ಟೋ ಹೊತ್ತು ಹಾಳಾಯಿತು. ರಕ್ಷಣಾ ಕೇಂದ್ರ ಕೆಲಸ ಶುರು ಮಾಡಿದ್ದು ಬೆಳಗಿನ 5:30ಕ್ಕೆ. ಅಪಾಯದ ಸೂಚನೆ ಹೊರಟಿದ್ದು 6:32ಕ್ಕೆ. ಅಷ್ಟೂ ಹೊತ್ತು ವಿಮಾನ ಹಾರುತ್ತಲೇ ಇತ್ತು, ಮಾನ್ಯರೇ. ಕಂಪನಿಯವರು 2:39ಕ್ಕೆ ಒಮ್ಮೆ, 7:13ಕ್ಕೆ ಒಮ್ಮೆ ಉಪಗ್ರಹದ ಮೂಲಕ ಫೋನ್ ಮಾಡಿದರು. ಎರಡು ಸಲವೂ ಯಾರೂ ಎತ್ತಲಿಲ್ಲ. ನಡುವೆ ನಾಲ್ಕೂವರೆ ಗಂಟೆ. ನಾನಾಗಿದ್ದರೆ ಐದು ನಿಮಿಷಕ್ಕೊಮ್ಮೆ ಮಾಡುತ್ತಿದ್ದೆ.

ವಿಮಾನ ಬೀಜಿಂಗ್ ಕಡೆ ಹೋಗಿರಲಿಲ್ಲ. ತಿರುಗಿ ಮಲೇಷ್ಯಾದ ಮೇಲೆಯೇ ಹಾದು, ಪೆನಾಂಗ್ ಹತ್ತಿರ ಬಂದು, ಮಲಾಕ್ಕಾ ಜಲಸಂಧಿ ಹಿಡಿದು ನಮ್ಮ ಅಂಡಮಾನ್ ಕಡೆ ಬಂತು. ಮಲೇಷ್ಯಾ ಸೇನೆಯ ರಡಾರ್ ಅದನ್ನು ಕೊನೆಯದಾಗಿ ಕಂಡಿದ್ದು 2:22ಕ್ಕೆ. ಆದರೂ ಮೊದಲ ಒಂದು ವಾರ ದಕ್ಷಿಣ ಚೀನಾ ಸಮುದ್ರದಲ್ಲೂ ಹುಡುಕುತ್ತಲೇ ಇದ್ದರು. ಘಾಟಿ ಬಿಟ್ಟು ಲಾರಿ ಮಾರುವ ಜಾಗದಲ್ಲಿ ಹುಡುಕಿದ್ದು ನನಗೆ ನೆನಪಾಗದೇ ಇರುತ್ತದಾ?

ಆಮೇಲೆ ದಾರಿ ತೋರಿಸಿದ್ದು ಒಂದು ಉಪಗ್ರಹ. ಇನ್‌ಮಾರ್‌ಸ್ಯಾಟ್ ಕಂಪನಿಯದು. ವಿಮಾನದ ಎಲ್ಲ ಸಂಪರ್ಕ ಹೋದರೂ ಒಂದು ಯಂತ್ರ ಬದುಕಿತ್ತು. ಉಪಗ್ರಹದ ಕಡೆಯಿಂದ ಹೆಚ್ಚುಕಮ್ಮಿ ಗಂಟೆಗೊಮ್ಮೆ ಇದ್ದೀಯಾ ಅಂತ ಕೇಳಿದರೆ, ಇದ್ದೇನೆ ಅಂತ ಅದು ಉತ್ತರ ಕೊಡುತ್ತಿತ್ತು. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ದೂರ ಲೆಕ್ಕ ಹಾಕಿದರು. ನಮ್ಮ ಕಡೆ ಕೂಗಳತೆ ದೂರ ಅಂತೀವಲ್ಲ, ಇದೂ ಹಾಗೇ. ಕೂಗಿಗೆ ಓಗೊಟ್ಟರೆ ಎಷ್ಟು ದೂರದಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಯಾವ ದಿಕ್ಕು ಅಂತ ಗೊತ್ತಾಗಲ್ಲ. ಅದಕ್ಕೇ ಒಂದು ಚುಕ್ಕಿ ಸಿಗಲಿಲ್ಲ, ಭೂಮಿಯ ಮೇಲೆ ಒಂದು ಉದ್ದನೆಯ ಕಮಾನು ಗೆರೆ ಸಿಕ್ಕಿತು. ಕೊನೆಯ ಓಗೊಡುವಿಕೆ 8:19ಕ್ಕೆ. ನಮ್ಮಲ್ಲಿ ಆಗ ಬೆಳಗಿನ 5:49. ಇಂಧನ ಮುಗಿಯುವ ಹೊತ್ತೂ ಅದೇ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪಶ್ಚಿಮಕ್ಕೆ, ಆ ಗೆರೆಯ ಅಕ್ಕಪಕ್ಕ ಎಲ್ಲೋ ವಿಮಾನ ಇದೆ.

ಹುಡುಕಲಿಲ್ಲ ಅಂತ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾ, ಮಲೇಷ್ಯಾ, ಚೀನಾ ಸೇರಿ 1,20,000 ಚದರ ಕಿಲೋಮೀಟರ್ ಸಮುದ್ರದ ತಳ ಜಾಲಾಡಿದವು. 2017ರ ಜನವರಿ 17ರಂದು ನಿಲ್ಲಿಸಿದವು. 2018ರಲ್ಲಿ ಓಷನ್ ಇನ್ಫಿನಿಟಿ ಅನ್ನುವ ಕಂಪನಿ ಇನ್ನೂ 1,12,000 ಚದರ ಕಿಲೋಮೀಟರ್ ನೋಡಿತು. ಎರಡೂ ಸೇರಿಸಿದರೆ ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಅದೂ ಕಿಲೋಮೀಟರ್‌ಗಟ್ಟಲೆ ಆಳದ ಕತ್ತಲಲ್ಲಿ. ಅಲ್ಲಿ ದುಡಿದವರಿಗೆ ಕೈಮುಗಿಯುತ್ತೇನೆ. 2014ರಲ್ಲಿ ಅಂಡಮಾನ್ ಸಮುದ್ರದಲ್ಲಿ ಹುಡುಕಿದ ನಮ್ಮ ನೌಕಾಪಡೆ, ಕರಾವಳಿ ಕಾವಲು ಪಡೆಯವರಿಗೂ ಅಷ್ಟೇ. ಈಗ ಅದೇ ಕಂಪನಿ ಮತ್ತೆ ಹೊರಟಿದೆ. 15,000 ಚದರ ಕಿಲೋಮೀಟರ್ ಹೊಸ ಜಾಗ. ಸಿಕ್ಕರೆ 7 ಕೋಟಿ ಡಾಲರ್, ಸಿಗದಿದ್ದರೆ ಒಂದು ಪೈಸೆಯೂ ಇಲ್ಲ ಅನ್ನುವ ಒಪ್ಪಂದ. ನಮ್ಮ ಚಿತ್ರದುರ್ಗ ಜಿಲ್ಲೆ ಸುಮಾರು 8,400 ಚದರ ಕಿಲೋಮೀಟರ್. ಇಂಥ ಎರಡು ಜಿಲ್ಲೆಗಿಂತ ಕಮ್ಮಿ ಜಾಗ. ಇಷ್ಟು ಮಾಡಿ ಕೈತೊಳೆದುಕೊಂಡುಬಿಟ್ಟರೆ ಅನ್ನುವುದೇ ನನ್ನ ಭಯ.

ಯಾಕೆಂದರೆ ಹುಡುಕಿದರೆ ಸಿಗುತ್ತದೆ. ಇದು ಬರೀ ಆಸೆಯ ಮಾತಲ್ಲ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನ 228 ಜನರ ಜೊತೆ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಎರಡು ವರ್ಷ ಹುಡುಕಿದರು. ಹಲವು ಸಲ ಬರಿಗೈಯಲ್ಲಿ ಬಂದರು. 2011ರ ಏಪ್ರಿಲ್‌ನಲ್ಲಿ ಸುಮಾರು 3,900 ಮೀಟರ್ ಆಳದಲ್ಲಿ ಸಿಕ್ಕಿತು. ಬ್ಲ್ಯಾಕ್ ಬಾಕ್ಸ್ ಮೇಲೆ ಬಂತು. ವೇಗ ಅಳೆಯುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿದ್ದರಿಂದ ಅನಾಹುತ ಶುರುವಾಯಿತು ಅಂತ ಪಕ್ಕಾ ಆಯಿತು. ಪೈಲಟ್‌ಗಳ ತರಬೇತಿ ಬದಲಾಯಿತು.

ನಮ್ಮ ದೇಶದ್ದೇ ಹೇಳುತ್ತೇನೆ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. 29 ಜನ ಇದ್ದರು. ತಿಂಗಳುಗಟ್ಟಲೆ ಹುಡುಕಿ ಕೈಬಿಟ್ಟಿದ್ದರು. ಆದರೆ 2024ರ ಜನವರಿಯಲ್ಲಿ ಸುದ್ದಿ ಬಂತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಮುದ್ರಕ್ಕೆ ಇಳಿಸಿದ, ತಾನೇ ಚಲಿಸುವ ಯಂತ್ರ ತೆಗೆದ ಚಿತ್ರಗಳಲ್ಲಿ ಆ ವಿಮಾನದ ಅವಶೇಷ ಕಂಡಿತು. ಚೆನ್ನೈ ಕರಾವಳಿಯಿಂದ ಸುಮಾರು 310 ಕಿಲೋಮೀಟರ್ ದೂರ, 3,400 ಮೀಟರ್ ಆಳ. ಏಳೂವರೆ ವರ್ಷ ಆದ ಮೇಲೆ! ಆ ದಿನ ನಾನು ಪೇಪರ್ ಹಿಡಿದುಕೊಂಡು ಅತ್ತೆಯ ಮನೆಗೆ ಹೋಗಿದ್ದೆ. ನಮ್ಮ ದೇಶದ ಸಂಸ್ಥೆ, ನಮ್ಮ ಸಮುದ್ರ, ನಮ್ಮ ಹುಡುಗರು. ಆ ಕೆಲಸ ಮಾಡಿದವರು ನಿಮ್ಮದೇ ಸರ್ಕಾರದವರು, ಮಾನ್ಯರೇ.

ಇನ್ನು ಎಂಎಚ್370ರ ಪೈಲಟ್ ವಿಷಯ. ಇದನ್ನು ಹೇಳದೇ ಪತ್ರ ಮುಗಿಸಲಾರೆ.

ಕ್ಯಾಪ್ಟನ್ ಝಹಾರಿ ಅಹ್ಮದ್ ಶಾ ಅವರ ಮೇಲೆ ಜನ ಏನೆಲ್ಲ ಹೇಳಿದರು. ಅವರೇ ವಿಮಾನ ಮುಳುಗಿಸಿದರು ಅಂತ ಎಷ್ಟೋ ಜನ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅವರ ಮನೆಯ ಸಿಮ್ಯುಲೇಟರ್‌ನಲ್ಲಿ, ಅಂದರೆ ವಿಮಾನ ಹಾರಿಸುವ ಅಭ್ಯಾಸದ ಕಂಪ್ಯೂಟರ್‌ನಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಕಡೆ ಹೋಗುವ ಬಿಂದುಗಳು ಸಿಕ್ಕಿದ್ದು ನಿಜ. ಮುಚ್ಚಿಡುವುದಿಲ್ಲ. ವಿಮಾನ ತಿರುಗಿದ್ದು ತಾನಾಗಿಯೇ ಅಲ್ಲ, ಯಾರೋ ಕೈಯಿಂದ ತಿರುಗಿಸಿದಂತಿದೆ ಅಂತಲೂ ತನಿಖೆ ಹೇಳಿದೆ. ಆದರೆ 2018ರ ಜುಲೈ 30ರಂದು ಬಂದ 495 ಪುಟದ ವರದಿ ಕಾರಣ ಏನು ಅಂತ ನಿರ್ಧರಿಸಲಾಗುವುದಿಲ್ಲ ಅಂದಿತು. ಮೂರನೆಯವರ ಕೈವಾಡ ಇಲ್ಲವೇ ಇಲ್ಲ ಅಂತಲೂ ಹೇಳಲಾಗುವುದಿಲ್ಲ ಅಂದಿತು. ಹಾಗಿದ್ದ ಮೇಲೆ ಒಬ್ಬ ಮನುಷ್ಯನನ್ನು ಕೊಲೆಗಾರ ಅನ್ನಲು ನಾವು ಯಾರು? ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ತಪ್ಪು ಮಾಡಿದ್ದರೆ ಅದು ಸಾಕ್ಷಿ ಸಮೇತ ಗೊತ್ತಾಗಲಿ. ಮಾಡಿಲ್ಲವಾದರೆ ಆ ಕಳಂಕ ಹೋಗಲಿ. ಎರಡಕ್ಕೂ ದಾರಿ ಒಂದೇ, ವಿಮಾನ ಸಿಗಬೇಕು. ಲಾರಿ ಸಿಗದೇ ಇದ್ದಿದ್ದರೆ ನಮ್ಮ ಮಾವ ಇವತ್ತಿಗೂ ಎಣ್ಣೆ ಕಳ್ಳ.

ಸಮುದ್ರ ಕೂಡ ಒಂದಿಷ್ಟು ತಿರುಗಿಸಿ ಕೊಟ್ಟಿದೆ. 2015ರ ಜುಲೈ 29ರಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕಡಲ ತೀರದಲ್ಲಿ ರೆಕ್ಕೆಯ ಒಂದು ಭಾಗ ಸಿಕ್ಕಿತು. ತೀರ ಸ್ವಚ್ಛ ಮಾಡುತ್ತಿದ್ದವರ ಕಣ್ಣಿಗೆ ಬಿತ್ತು. ಆಮೇಲೆ ತಾಂಜಾನಿಯಾ, ಮಾರಿಷಸ್‌ನಲ್ಲೂ ತುಂಡುಗಳು ಸಿಕ್ಕವು. ಈ ಮೂರು ಅದೇ ವಿಮಾನದ್ದು ಅಂತ ಖಚಿತವಾಯಿತು. ಬೇರೆ ಕಡೆಯೂ ಕೆಲವು ಸಿಕ್ಕಿವೆ. ನಮ್ಮ ಕರಡಿಗೆ ಇದ್ದ ಹಾಗೆ, ಗುರುತು ಹಿಡಿಯಲು ಒಂದು ವಸ್ತು. ಆದರೆ ಕಾರಣ ಅದರಲ್ಲಿ ಬರೆದಿಲ್ಲ.

ಈಗ ನನ್ನ ಬೇಡಿಕೆಗಳು. ಅಧಿಕಾರದಲ್ಲಿ ಇರುವವರಿಗೆ ಕಷ್ಟದ್ದೇನೂ ಅಲ್ಲ.

ಮೊದಲನೆಯದು, ಈ 55 ದಿನದ ಹುಡುಕಾಟದಲ್ಲಿ ಸಿಗದಿದ್ದರೂ ನಿಲ್ಲಿಸಬೇಡಿ ಅಂತ ಭಾರತ ಸರ್ಕಾರ ಮಲೇಷ್ಯಾಕ್ಕೆ ಬರವಣಿಗೆಯಲ್ಲಿ ಹೇಳಬೇಕು. 5 ಜನರನ್ನು ಕಳೆದುಕೊಂಡ ದೇಶ ನಾವು. ಕೇಳುವ ಹಕ್ಕು ನಮಗಿದೆ. ಕೇಳುವುದರ ಜೊತೆಗೆ ಕೊಡಬೇಕು ಕೂಡ. ಎಎನ್-32 ಕಂಡುಹಿಡಿದ ಆ ಸಂಸ್ಥೆಯ ಯಂತ್ರ, ಆ ಜನರ ಅನುಭವ, ಅವರು ಚಿತ್ರ ಓದಿದ ರೀತಿ, ಇದನ್ನೆಲ್ಲ ಈ ಹುಡುಕಾಟಕ್ಕೆ ಕೊಡುತ್ತೇವೆ ಅಂತ ಮುಂದೆ ಬನ್ನಿ. ಅದು ನಿಮ್ಮ ಸಚಿವಾಲಯದ ಕೆಳಗೆ ಬರುವುದಿಲ್ಲ, ಭೂ ವಿಜ್ಞಾನ ಸಚಿವಾಲಯದ್ದು ಅಂತ ನನಗೆ ಗೊತ್ತು. ಆದರೆ ಎರಡೂ ಒಂದೇ ಸರ್ಕಾರ ಅಲ್ವಾ?

ಎರಡನೆಯದು ಅಂಡಮಾನ್. ವಿಮಾನ ನಮ್ಮ ದ್ವೀಪಗಳ ಕಡೆ ಬಂದಿತ್ತು. ಅಲ್ಲಿನ ರಡಾರ್‌ಗಳು ಸದಾ ಚಾಲೂ ಇರುವುದಿಲ್ಲ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆ ರಾತ್ರಿ ನಮ್ಮ ಕಡೆ ಏನು ದಾಖಲಾಗಿದೆಯೋ ಅದನ್ನು, ದೇಶದ ಭದ್ರತೆಗೆ ಧಕ್ಕೆ ಬಾರದಷ್ಟು, ಹೊರಗೆ ಇಡಿ. ಏನೂ ಕಾಣಲಿಲ್ಲ ಅಂತಿದ್ದರೆ ಅದನ್ನೇ ಹೇಳಿ. ರಡಾರ್ ಆಫ್ ಇತ್ತು ಅಂದರೆ ಅದನ್ನೇ ಹೇಳಿ. ನಾವು ಯಾರ ಮೇಲೂ ಕೇಸು ಹಾಕಲು ಕೇಳುತ್ತಿಲ್ಲ. ಕೊಟ್ಟಿಗೆಹಾರದ ಆ ಹೋಟೆಲಿನವರು ಲಾರಿ ನೋಡಿದೆ ಅಂದ ಒಂದು ಮಾತು ನಮಗೆ ಎಷ್ಟು ದೊಡ್ಡದಾಗಿತ್ತು ಅಂತ ನನಗೆ ಮಾತ್ರ ಗೊತ್ತು.

ಮೂರನೆಯದು, ಇನ್ನೊಂದು ವಿಮಾನ ಹೀಗೆ ಕಳೆದುಹೋಗಬಾರದು. ನಮ್ಮ ಆಫೀಸಿನ ಲಾರಿಗಳಿಗೆಲ್ಲ ಈಗ ಜಿಪಿಎಸ್ ಇದೆ. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿದ ಲಾರಿ ಶಿರಾ ಹತ್ತಿರ ಹತ್ತು ನಿಮಿಷ ನಿಂತರೆ ನನ್ನ ಫೋನಿನಲ್ಲಿ ಕಾಣುತ್ತದೆ. ವಿಮಾನಗಳಿಗೂ ನಿಯಮ ಬಂದಿದೆ, ಇಲ್ಲ ಅನ್ನುವುದಿಲ್ಲ. 2018ರ ನವೆಂಬರ್‌ನಿಂದ ಸಮುದ್ರದ ಮೇಲೆ 15 ನಿಮಿಷಕ್ಕೊಮ್ಮೆ ಜಾಗ ಗೊತ್ತಾಗಬೇಕು. ಆದರೆ 15 ನಿಮಿಷದಲ್ಲಿ ಅಂಥ ವಿಮಾನ ಇನ್ನೂರು ಕಿಲೋಮೀಟರ್ ದಾಟುತ್ತದೆ. ಅಂದರೆ ಚಿತ್ರದುರ್ಗದಿಂದ ಬೆಂಗಳೂರಿನಷ್ಟು. ಅಪಾಯ ಬಂದಾಗ ನಿಮಿಷಕ್ಕೊಮ್ಮೆ ತಾನಾಗಿಯೇ ಜಾಗ ಹೇಳುವ ವ್ಯವಸ್ಥೆ ಕಡ್ಡಾಯ ಆಗಿರುವುದು 27 ಟನ್‌ಗಿಂತ ಭಾರದ, 2024ರಿಂದ ಈಚೆಗಿನ ಹೊಸ ವಿಮಾನಗಳಿಗೆ ಮಾತ್ರ. ಹಳೆಯ ವಿಮಾನಗಳು ಇನ್ನೂ ಇಪ್ಪತ್ತು ವರ್ಷ ಹಾರುತ್ತವೆ. ಎಂಎಚ್370 ಕೂಡ 2002ರ ವಿಮಾನ. ಸಮುದ್ರ ದಾಟುವ ನಮ್ಮ ದೇಶದ ಎಲ್ಲ ದೊಡ್ಡ ವಿಮಾನಗಳಿಗೂ, ಹಳೆಯದಕ್ಕೂ, ಇದನ್ನು ಹಾಕಿಸಿ. ಖರ್ಚು ಬರುತ್ತದೆ. ಲಾರಿಗೆ ಹಾಕಿಸುವಾಗ ನಾವೂ ಖರ್ಚು ಅಂತ ಗೊಣಗಿದ್ದೆವು. ಆದರೂ ಹಾಕಿಸಿದೆವು.

ಇದರ ಜೊತೆಗೇ ಒಂದು ಮಾತು. ಬ್ಲ್ಯಾಕ್ ಬಾಕ್ಸ್‌ಗೆ ಅಂಟಿಕೊಂಡು ನೀರೊಳಗೆ ಸದ್ದು ಮಾಡುವ ಒಂದು ಯಂತ್ರ ಇರುತ್ತದೆ. ಎಂಎಚ್370ರಲ್ಲಿ ಹಾರಾಟದ ವಿವರ ಬರೆದಿಡುವ ಪೆಟ್ಟಿಗೆಯ ಆ ಯಂತ್ರದ ಬ್ಯಾಟರಿ ಅವಧಿ 2012ರ ಡಿಸೆಂಬರ್‌ನಲ್ಲೇ ಮುಗಿದಿತ್ತು. ಮಲೇಷ್ಯಾದ ವರದಿಯಲ್ಲೇ ಇದೆ. ಬದಲಿಸಿರಲಿಲ್ಲ. ನಮ್ಮ ಲಾರಿಯ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ, ಒಂದು ದಿನ ದಾಟಿದರೆ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸಲಿ, ಸರಿಯೇ. ಅದೇ ಕಟ್ಟುನಿಟ್ಟು ನಮ್ಮ ವಿಮಾನಗಳ ಈ ಚಿಕ್ಕ ಬ್ಯಾಟರಿಗೂ ಇರಲಿ. ಒಮ್ಮೆ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶ ಪ್ರಕಟಿಸಿ.

ಕೊನೆಯ ಬೇಡಿಕೆ ನನಗೆ ಎಲ್ಲಕ್ಕಿಂತ ಮುಖ್ಯ. ಆ 5 ಜನರ ಮನೆಗಳಿಗೆ ನಿಮ್ಮ ಸಚಿವಾಲಯದಿಂದ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ. ಒಂದು ಫೋನ್ ನಂಬರ್ ಕೊಡಿ. ಹಡಗು ಹೊರಟಾಗ, ವಾಪಸ್ ಬಂದಾಗ, ಏನಾದರೂ ಸಿಕ್ಕಾಗ, ಏನೂ ಸಿಗದಿದ್ದಾಗಲೂ, ಟಿವಿಯಲ್ಲಿ ಬರುವ ಮುಂಚೆ ಅವರಿಗೆ ಅವರ ಭಾಷೆಯಲ್ಲಿ ಹೇಳಿ. 2015ರ ಜನವರಿ 29ರಂದು ಮಲೇಷ್ಯಾ ಇದನ್ನು ಅಪಘಾತ ಅಂತ ಘೋಷಿಸಿತು, ಎಲ್ಲರೂ ತೀರಿಕೊಂಡಿದ್ದಾರೆ ಅಂತ ಭಾವಿಸಬೇಕು ಅಂದಿತು. ನಮ್ಮ ಕಾನೂನಿನಲ್ಲೂ 7 ವರ್ಷ ಸುದ್ದಿ ಇಲ್ಲದಿದ್ದರೆ ತೀರಿಕೊಂಡರು ಅಂತಲೇ ಲೆಕ್ಕ. ಅದು ಬ್ಯಾಂಕಿಗೆ, ಆಸ್ತಿಗೆ, ವಿಮೆಗೆ ಬೇಕು, ಒಪ್ಪುತ್ತೇನೆ. ಆದರೆ ಕಾಗದ ನೋಡಿ ಯಾವ ತಾಯಿಯೂ ಕಾಯುವುದನ್ನು ನಿಲ್ಲಿಸುವುದಿಲ್ಲ. ನಮ್ಮ ಆಫೀಸಿಗೆ ಬಂದು ನಿಲ್ಲುತ್ತಿದ್ದ ಅತ್ತೆಗೆ ಬೇಕಾಗಿದ್ದುದು ಹಣ ಅಲ್ಲ. ಇವತ್ತು ಇಲ್ಲಿ ಹುಡುಕಿದೆವು, ನಾಳೆ ಅಲ್ಲಿ ಹುಡುಕುತ್ತೇವೆ ಅನ್ನುವ ಒಂದು ಮಾತು. ಠಾಣೆಯಿಂದ ಆ ಮಾತು ಒಂದು ದಿನವೂ ಬರಲಿಲ್ಲ.

ನಮ್ಮ ಜಿಲ್ಲೆಗೆ ವಿಮಾನಗಳ ಜೊತೆ ನಂಟಿದೆ, ನಿಮಗೂ ಗೊತ್ತಿರುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇದೆ. ಇಸ್ರೋದವರು ಮತ್ತೆ ಮತ್ತೆ ಬಳಸಬಹುದಾದ ಬಾಹ್ಯಾಕಾಶ ವಾಹನವನ್ನು 2023ರ ಏಪ್ರಿಲ್ 2ರಂದು ಅಲ್ಲೇ ಇಳಿಸಿದರು. ಅದೇ ವರ್ಷ ಆಗಸ್ಟ್ 20ರಂದು ಪೈಲಟ್ ಇಲ್ಲದ ತಪಸ್ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಜನ ಓಡಿ ಹೋಗಿ ನೋಡಿದರು. ಒಳಗೆ ಯಾರೂ ಇರಲಿಲ್ಲ ಅಂತ ಗೊತ್ತಾದ ಮೇಲೆ ಊರು ಉಸಿರುಬಿಟ್ಟಿತು. ಇಲ್ಲಿ ಆಕಾಶದಿಂದ ಏನಾದರೂ ಬಿದ್ದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ, ಒಳಗೆ ಜನ ಇದ್ದರಾ ಅಂತ.

ಅತ್ತೆಗೆ ಈಗ 67 ವರ್ಷ. ಇಬ್ಬರು ಹೆಣ್ಣುಮಕ್ಕಳೂ ಚೆನ್ನಾಗಿದ್ದಾರೆ. ನಿನ್ನೆ ಸಂಜೆ ಈ ಪತ್ರವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಆ ಐದು ಮನೆಗೆ ಈಚೆಗೆ ಸರ್ಕಾರದೋರು ಯಾರಾದ್ರೂ ಹೋಗಿ ಬಂದ್ರಾ?"

ಅದನ್ನು ನಿಮ್ಮನ್ನೇ ಕೇಳುತ್ತಿದ್ದೇನೆ, ಮಾನ್ಯರೇ. ಉತ್ತರ ಕಳಿಸಿದರೆ ಅತ್ತೆಗೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಾರಿ ಬುಕಿಂಗ್ ಆಫೀಸಿನವನು,
ಚಿತ್ರದುರ್ಗ